ಅಂಗಳ ದಾಟಿದ ಮಾತು

ಆಗಸ್ಟ್ 5, ಮಂಗಳವಾರ

ಕೈಗೆ ಬುದ್ಧಿ ಬರಲೆಂದು ಬರೆಯುತ್ತಿದ್ದೇನೆ. ಬೇರೆ ಕಾರಣವಿಲ್ಲ. ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿದ ಆಸ್ಪತ್ರೆಯ ಹುಡುಗ, "ದಿನಾ ಒಂದಿಷ್ಟು ಬರೀರಮ್ಮಾ, ದೋನ್ಯಾ ಅನಾತಿಲ್ದೆ, ಬೆರಳು ಸಡಿಲ ಆಗ್ತವೆ" ಎಂದ. ಏನು ಬರೆಯಲಿ ಎಂದು ಕೇಳಿದೆ. "ಏನಾದ್ರೂ. ಯಾರನ್ನಾದ್ರೂ ಬೈದಾದ್ರೂ ಬರೀರಿ." ಹಾಗಾದರೆ ತುಂಹಾ ಊರಿನ ಕಾಗದವೆಲ್ಲ ನನಗೊಬ್ಬಳಿಗೇ ಬೇಕಾದೀತು ಎಂದೆ. ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ.

ಮೂರನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಅಕ್ಷರ ಕೋಳಿ ಕೆದರಿದ ಹಾಗಿದೆ. ಇರಲಿ, ಯಾರು ಓದಬೇಕು ಇದನ್ನು?

ಜೂನ್ ತಿಂಗಳಲ್ಲಿ ಒಂದು ಶುಕ್ರವಾರದ ಸಂತೆಯಲ್ಲಿ ಎಲೆಕೋಸಿನ ಸಿಪ್ಪೆಯ ಮೇಲೆ ಕಾಲಿಟ್ಟೆ, ಬಿದ್ದೆ. ಬಲಗೈ ಹೋಯಿತು. ಈ ಕೈಯಲ್ಲಿ ಹಿಟ್ಟು ನಾದಲು ಆಗುವುದಿಲ್ಲ. ಅಂದರೆ ಒಡೆದ ಹಾಲಿನ ಗಿಣ್ಣು ಹಾಕಿದ ಬನ್ನಿಲ್ಲ, ಸಂತೆಯ ಅಂಗಡಿ ಇಲ್ಲ. ಏಪ್ರನ್ ಗಂಟು ಹಾಕಲು ಆಗುವುದಿಲ್ಲ. ಜಡೆ ಹಾಕಿಕೊಳ್ಳಲೂ ಆಗುವುದಿಲ್ಲ. ದೆವ್ವದ ಹಾಗೆ ಕೂದಲು ಕೆದರಿಕೊಂಡು ಮನೆಯೊಳಗೆ ಕೂತಿದ್ದೇನೆ. ಸುಮ್ಮನೆ ಕೂರುವ ಬದಲು ಅವ್ವನ ಕೋಣೆಯನ್ನು ವಿಶ್ವವಿದ್ಯಾಲಯದ ಹುಡುಗಿಯೊಬ್ಬಳಿಗೆ ಬಿಟ್ಟುಕೊಡಲು ಒಪ್ಪಿದೆ. ಬ್ರೆಜಿಲ್‌ನವಳಂತೆ. ಒಂದು ಸೆಮಿಸ್ಟರ್ ಇರುತ್ತಾಳಂತೆ. ಸೆಮಿಸ್ಟರ್ ಅಂದರೆ ಎಷ್ಟು ಎಂದು ಕೇಳಿದೆ. ಕ್ರಿಸ್‌ಮಸ್‌ವರೆಗೆ ಎಂದರು. ಹಾಗೆಂದೇ ಹೇಳಬಾರದೇ?

ಮನೆಗೆ ಒಂದೇ ಗೇಟು, ಒಂದೇ ಅಂಗಳ, ಎರಡು ಅಡುಗೆಮನೆ. ಈಚೆ ನಾನು. ಆಚೆ ನನ್ನ ತಂಗಿ. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಅವ್ವ ತೀರಿದ ಮೇಲೆ ನಮಗಿಬ್ಬರಿಗೂ ಮಾತಿಲ್ಲ. ಆಚೆಯವಳು ಎಂದರೆ ಸಾಕು.

ಕೈ ನೋಯುತ್ತಿದೆ.

ಆಗಸ್ಟ್ 9, ಶನಿವಾರ

ಬ್ರೆಜಿಲ್‌ನವಳು ಬಂದಳು. ನಾನು ನೋವಿನ ಮಾತ್ರೆ ನುಂಗಿ ಮಲಗಿದ್ದೆ. ಗೇಟು ತೆರೆದವಳು ಆಚೆಯವಳೇ ಇರಬೇಕು. ಕಣ್ಣು ಬಿಟ್ಟರೆ ಮಂಚದ ಪಕ್ಕದಲ್ಲಿ ಉದ್ದನೆಯ ಕಪ್ಪು ಹುಡುಗಿ, ಮೈಮೇಲೆ ಸೊಳ್ಳೆಪರದೆಯಂಥ ಅಂಗಿ, ನಮ್ಮ ಬೆಟ್ಟದ ಚಳಿಗೆ ಹಲ್ಲು ಕಟಕಟ, ಕೈಯಲ್ಲಿ ಬಟ್ಟಲು. ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಹೇಳಿದಳು: "ಸುಮೆರ್ಸೆ, ಆರೋಕೆ ಮುಂಚೆ ಕುಡೀರಿ."

ಸುಮೆರ್ಸೆ! ನಮ್ಮ ಸೀಮೆಯವರು 'ನೀವು' ಅನ್ನುವ ಕಡೆ ಅಕ್ಕರೆಯಿಂದ ಹೇಳುವ ಮಾತು ಅದು. "ಎಲ್ಲಿ ಕಲಿತೆ ಆ ಮಾತು?" ಎಂದು ಗದರಿದೆ. ಹೌದು ಹೌದು ಎಂದು ತಲೆಯಾಡಿಸಿದಳು. ಒಂದಕ್ಷರ ಅರ್ಥವಾಗಿರಲಿಲ್ಲ. ಯಾವುದೋ ಪುಸ್ತಕ ನೋಡಿ ಬಾಯಿಪಾಠ ಮಾಡಿಕೊಂಡು ಬಂದಿರಬೇಕು.

ಬಟ್ಟಲಲ್ಲಿ ಗೋಧಿನುಚ್ಚಿನ ಸಾರು, ಹಂದಿಯ ಬೆನ್ನೆಲುಬು ಹಾಕಿದ್ದು. ಆಚೆಯ ಒಲೆಯದು ಎಂದು ವಾಸನೆಯಲ್ಲೇ ಗೊತ್ತಾಯಿತು. ಪಾಪ, ಬಂದವಳಿಗೆಂದು ಕೊಟ್ಟದ್ದನ್ನು ಈ ಪೆದ್ದಿ ನನಗೆ ತಂದಿದ್ದಾಳೆ. ಹಸಿವಾಗಿತ್ತು, ಕುಡಿದೆ. ಉಪ್ಪು ಕಡಿಮೆ.

ಹೆಸರು ಜುಸ್ಸಾರಾ. ಪಕ್ಕದ ಮನೆಯ ಪ್ರೊಸ್ಪೆರೊ ಅವಳ ಹೆಸರಿನ ಚೀಟಿ ಓದಿ "ಹುಸ್ಸಾರಾ" ಎಂದ. ನಮ್ಮ ಭಾಷೆಯಲ್ಲಿ ಆ ಮೊದಲ ಅಕ್ಷರವನ್ನು 'ಹ' ಎಂದೇ ಓದುವುದು ತಾನೇ. ಅವಳು ತಿದ್ದಿದಳು. ಅವನು ಮತ್ತೆ ಹುಸ್ಸಾರಾ ಎಂದ. ಮೂರನೇ ಸಲಕ್ಕೆ ಅವಳೇ ಸೋತಳು.

ಆಗಸ್ಟ್ 14

ಬೆಳಗಿಗೆ ಹಾಲು-ಮೊಟ್ಟೆಯ ಸಾರು ಕೊಟ್ಟೆ, ಮೇಲೆ ಕೊತ್ತಂಬರಿ, ಒಳಗೆ ಒಣ ರೊಟ್ಟಿ. ಒಂದು ಚಮಚ ಬಾಯಿಗಿಟ್ಟು ಹುಬ್ಬೇರಿಸಿ "ಎಸ್ಕಿಸಿತೊ!" ಎಂದಳು. ಬಹಳ ರುಚಿ ಅಂತ. ಈ ಊರಿನ ಮಕ್ಕಳೇ ಮೂಗು ಮುರಿಯುವ ಸಾರು ಇದು. ನಾಲಿಗೆ ರುಚಿ ತಿಳಿದ ಹುಡುಗಿ. ಇನ್ನೊಂದು ಬಟ್ಟಲು ಬಡಿಸಿದೆ. ನಾಳೆಯೂ ಅದನ್ನೇ ಮಾಡುತ್ತೇನೆ.

ಆಗಸ್ಟ್ 22, ಶುಕ್ರವಾರ

ಸಂತೆಯ ದಿನ. ಸಂತೆಗೆ ಹೋಗದ ಶುಕ್ರವಾರ ಶುಕ್ರವಾರವೇ ಅಲ್ಲ. ಸಿಟ್ಟು ಬೆಳಗಿನಿಂದಲೇ ಮೂಗಿನ ತುದಿಯಲ್ಲಿತ್ತು, ಅದಕ್ಕೆ ಸರಿಯಾಗಿ ಆಚೆಯವಳ ನಾಯಿ ಕನೇಲೊ ನನ್ನ ಪುದೀನದ ಪಾತಿಯ ಮೇಲೆ ಕಾಲೆತ್ತಿತು. ಮೊದಲಾಗಿದ್ದರೆ ಕಲ್ಲು ಬೀಸುತ್ತಿದ್ದೆ. ಈಗ ಕಲ್ಲೂ ಏಳುವುದಿಲ್ಲ.

ಹುಡುಗಿಯನ್ನು ಕರೆದೆ. "ಹೋಗಿ ಆ ಹೆಂಗಸಿಗೆ ಹೇಳು. ಇನ್ನೊಂದ್ಸಲ ಈ ದರಿದ್ರ ಪ್ರಾಣಿ ನನ್ನ ಪುದೀನದ ಹತ್ರ ಬಂದ್ರೆ ಅದನ್ನೇ ಕಡಿದು ಸಾರು ಮಾಡಿ ಕುಡೀತೀನಿ ಅಂತ."

ಬೆರಳು ಮಡಚುತ್ತ, ಪದ ಜೋಡಿಸುತ್ತ ಅಂಗಳ ದಾಟಿ ಹೋದಳು. ಸ್ವಲ್ಪ ಹೊತ್ತಿಗೆ ಬಂದಳು.

"ಹೇಳಿದ್ಯಾ?"

"ಹೇಳಿದೆನು."

"ಏನಂದ್ಲು?"

"ಅವರು ಏನನ್ನೂ ಹೇಳಲಿಲ್ಲ. ಅವರು ಕುಳಿತುಕೊಂಡರು."

ಕೂತಳಂತೆ! ಕೂರಲಿ. ನನ್ನ ಮಾತಿಗೆ ಇನ್ನೂ ಕಾಲು ನಡುಗಿಸುವ ಶಕ್ತಿ ಇದೆ.

ಆಗಸ್ಟ್ 25

ಎದ್ದು ನೋಡಿದರೆ ಪುದೀನದ ಪಾತಿಗೆ ಸುತ್ತಲೂ ತಂತಿಬೇಲಿ. ಅಚ್ಚುಕಟ್ಟಾಗಿ ಕಡ್ಡಿ ನೆಟ್ಟು ಬಿಗಿದದ್ದು. ಹೆದರಿದ್ದಾಳೆ, ಸಂಶಯವಿಲ್ಲ.

ಸೆಪ್ಟೆಂಬರ್ 3

ನನಗೆ ಮೋಸವಾಗಿದೆ. ಎಸ್ಕಿಸಿತೊ ಅಂದರೆ ಅವಳ ಭಾಷೆಯಲ್ಲಿ ರುಚಿ ಅಲ್ಲವಂತೆ. ವಿಚಿತ್ರ ಅಂತ ಅರ್ಥವಂತೆ! ಇವತ್ತು ತರಗತಿಯಲ್ಲಿ ಗೊತ್ತಾಯಿತಂತೆ. ಅಳುಮುಖ ಮಾಡಿಕೊಂಡು ಬಂದು ಹೇಳಿದಳು. ಇಷ್ಟು ದಿನ ದಿನವೂ ಎರಡೆರಡು ಬಟ್ಟಲು ವಿಚಿತ್ರವನ್ನು ಕುಡಿದಿದ್ದಾಳೆ.

"ಮತ್ಯಾಕೆ ಕುಡಿದೆ, ಕತ್ತೆ?"

"ಸುಮೆರ್ಸೆ ಬಹಳ ಸಂತೋಷದಿಂದ ಬಡಿಸುತ್ತಿದ್ದಿರಿ."

ಬೈಯಲು ಬಾಯಿ ತೆರೆದೆ, ನಗು ಬಂದುಬಿಟ್ಟಿತು. ಅವಳೂ ನಕ್ಕಳು. ನಕ್ಕು ನಕ್ಕು ಆಮೇಲೆ ಅತ್ತಳು. ಅವಳ ಊರು ಬೆಲೆಂನಲ್ಲಿ ಈಗ ಬೆವರು ಸುರಿಯುವ ಸೆಖೆಯಂತೆ, ಮಧ್ಯಾಹ್ನ ಮಳೆ, ಅಮ್ಮ ಬಾಗಿಲಲ್ಲಿ ಕೂತಿರುತ್ತಾಳಂತೆ. ಅಳುವವರನ್ನು ಕಂಡರೆ ನನಗಾಗುವುದಿಲ್ಲ. ಬಿಸಿನೀರಿನ ಚೀಲ ತುಂಬಿ ಅವಳ ಮಡಿಲಿಗೆ ಎಸೆದೆ, ಅವ್ವನ ಕಂಬಳಿ ಹೆಗಲಿಗೆ ಹಾಕಿದೆ. "ಚಳಿಗೆ ಅಳು ಬರುತ್ತೆ, ಮೂಗು ಒರೆಸ್ಕೊ" ಎಂದೆ.

ನಾಳೆಯಿಂದ ಬೆಲ್ಲದ ನೀರು, ರೊಟ್ಟಿ, ಮೊಟ್ಟೆ.

ಸೆಪ್ಟೆಂಬರ್ 14, ಭಾನುವಾರ

ಈ ಹುಡುಗಿ ಎಲ್ಲರಿಗೂ ಸುಮೆರ್ಸೆ ಅನ್ನುತ್ತಾಳೆ. ಬಸ್ಸಿನ ಡ್ರೈವರಿಗೂ ಸುಮೆರ್ಸೆ, ಪೊಲೀಸಿಗೂ ಸುಮೆರ್ಸೆ, ಕೋಳಿ ಕದಿಯಲು ಬಂದ ಬೆಕ್ಕಿಗೂ ಸುಮೆರ್ಸೆ. ಪ್ರೊಸ್ಪೆರೊನ ಹೆಂಡತಿ, "ಎಲ್ಲಿಂದ ತಂದ್ರಿ ದೋನ್ಯಾ ಇಂಥಾ ಚಿನ್ನದಂಥ ಹುಡುಗೀನ?" ಎಂದಳು. ಸಂತೆಯ ಹೆಂಗಸರಿಂದ ಕಲಿತಿರಬೇಕು, ಇನ್ನೆಲ್ಲಿಂದ?

ಜಡೆ ಅವಳೇ ಹಾಕುತ್ತಾಳೆ ಈಗ. ಸಡಿಲವಾಗಿ ಹಾಕುತ್ತಾಳೆ, ಮಧ್ಯಾಹ್ನಕ್ಕೆ ಬಿಚ್ಚಿಹೋಗುತ್ತದೆ. ಅವಳ ಕೂದಲು ಗುಂಗುರು, ನೆಟ್ಟನೆಯ ಕೂದಲು ಹೇಗೆ ಹಿಡಿಯಬೇಕು ಎಂದು ತಿಳಿಯದು.

ಬೆಳಿಗ್ಗೆ ಆಚೆಯಿಂದ ಸುದ್ದಿ ತಂದಳು. "ಸುಮೆರ್ಸೆ ರೇಡಿಯೊದಲ್ಲಿ ಜಪಮಾಲೆ ಬರುವಾಗ ಸ್ವಲ್ಪ ಜೋರಾಗಿ ಇಡಬೇಕಂತೆ. ಅವರ ರೇಡಿಯೊ ಸತ್ತುಹೋಗಿದೆ."

ಅವಳಿಗಾಗಿ ನಾನು ಜೋರು ಇಡಬೇಕೇ? "ಹೋಗಿ ಹೇಳು, ನನ್ನ ರೇಡಿಯೊ ನನ್ನಿಷ್ಟ, ಅವಳಪ್ಪನ ಮನೆದಲ್ಲ ಅಂತ" ಎಂದೆ. ಹೇಳಿದ ಮೇಲೆ ನೆನಪಾಯಿತು, ನಮ್ಮಿಬ್ಬರಿಗೂ ಅಪ್ಪ ಒಬ್ಬನೇ.

ಸಂಜೆ ಜೋರಾಗಿಯೇ ಇಟ್ಟೆ. ನನಗೂ ಕಿವಿ ಮಂದ.

ಸೆಪ್ಟೆಂಬರ್ 26, ಶುಕ್ರವಾರ

ನಂಬಲಾಗುವುದಿಲ್ಲ. ಆಚೆಯವಳು ಗಿಣ್ಣಿನ ಬನ್ನು ಮಾಡಿದ್ದಾಳೆ. ನನ್ನ ಬನ್ನು! ಸಂತೆಯ ನನ್ನ ಜಾಗದಲ್ಲಿ ಕೂತು ಮಾರಿದಳಂತೆ. ಖಾಲಿ ಬಿಟ್ಟರೆ ಬೇರೆಯವರು ಹಿಡಿಯುತ್ತಾರೆ ಎಂದು. ಹುಡುಗಿಯ ಕೈಯಲ್ಲಿ ತಟ್ಟೆ ಕಳಿಸಿದ್ದಳು. "ಸುಮೆರ್ಸೆ ರುಚಿ ನೋಡಿ ಹೇಳಬೇಕಂತೆ, ಏನು ಕಡಿಮೆ ಎಂದು."

ಕಡಿದೆ. ಕಲ್ಲು.

"ಹೇಳು ಅವಳಿಗೆ. ಇದನ್ನ ಎಸೆದ್ರೆ ನಾಯಿ ಸಾಯುತ್ತೆ ಅಂತ. ಮೊಸರುಗಿಣ್ಣನ್ನ ಹಿಂಡದೆ ಹಾಕಿದ್ರೆ ಹೀಗಾಗದೆ ಇನ್ನೇನಾಗುತ್ತೆ ಅಂತ. ಒಲೆ ಮೊದಲು ಕಾದಿರಬೇಕು ಅಂತ. ಇಷ್ಟು ವರ್ಷ ಪಕ್ಕದಲ್ಲಿದ್ದು ಇಷ್ಟೂ ಕಾಣಿಸ್ಲಿಲ್ವ ಆ ಕಣ್ಣಿಗೆ ಅಂತ."

"ಎಲ್ಲವನ್ನೂ ಹೇಳಬೇಕೇ?"

"ಎಲ್ಲಾನೂ!"

ಮುಂದಿನ ಶುಕ್ರವಾರಕ್ಕೆ ಬನ್ನು ಮೆತ್ತಗಿದ್ದರೆ ನನ್ನ ಹೆಸರು ಬೇರೆ.

ಅಕ್ಟೋಬರ್ 3

ಮೆತ್ತಗಿತ್ತು.

ಅಕ್ಟೋಬರ್ 11

ಪ್ರೊಸ್ಪೆರೊನ ಹೆಂಡತಿ ಗೇಟಿನಲ್ಲಿ ಹಿಡಿದು, "ಗೊತ್ತಾಯ್ತಾ? ದೋನ್ಯಾ ಇಸ್ಮೇನಿಯಾ ಡಿಸೆಂಬರಿಗೆ ಹೊರಟ್ರಂತೆ" ಎಂದಳು. ದುಯಿತಾಮಾ ಊರಿನಲ್ಲಿ ಆಚೆಯವಳ ಧರ್ಮಪುತ್ರಿ ಯೆನ್ನಿ ಇದ್ದಾಳೆ. ಅವಳ ಹೊಸ ಮನೆಯಲ್ಲಿ ಕೆಳಗಿನ ಕೋಣೆ ಖಾಲಿ ಇದೆಯಂತೆ. ವ್ಯಾನು ಕಳಿಸುತ್ತಾಳಂತೆ. ನಾಯಿಯೂ ಹೋಗುತ್ತದಂತೆ.

"ಹೋಗ್ಲಿ ಬಿಡು. ಅಂಗಳ ದೊಡ್ಡದಾಗುತ್ತೆ" ಎಂದೆ.

ಒಳಗೆ ಬಂದು ಆಲೂಗಡ್ಡೆ ಸುಲಿಯಲು ಕೂತೆ. ಎಡಗೈಯಲ್ಲಿ ಸುಲಿದರೆ ಸಿಪ್ಪೆಯಲ್ಲೇ ಅರ್ಧ ಆಲೂಗಡ್ಡೆ ಹೋಗುತ್ತದೆ. ನಾನು ಯಾಕೆ ಹೇಳಿ ಕಳಿಸಲಿ, ಹೋಗಬೇಡ ಎಂದು? ಹೋಗುತ್ತೇನೆ ಎಂದು ಅವಳೇ ನನಗೆ ಹೇಳಿಲ್ಲ.

ಅಕ್ಟೋಬರ್ 12

ಇವತ್ತು ಅವ್ವನ ಹುಟ್ಟುಹಬ್ಬ. ಬರೆಯುವುದಿಲ್ಲ ಅಂದುಕೊಂಡಿದ್ದೆ.

ನಾಲ್ಕು ವರ್ಷದ ಹಿಂದೆ, ಅವ್ವ ತೀರಿ ಒಂಬತ್ತನೇ ದಿನದ ಪ್ರಾರ್ಥನೆ. ಮನೆ ತುಂಬ ಜನ. ನಾನು ಕಾಫಿ ಕೊಡುತ್ತಿದ್ದೆ. ಆಗ ಇಸ್ಮೇನಿಯಾ ಎಲ್ಲರೆದುರು ಹೇಳಿದಳು, "ನೀವು ಹಾಸಿಗೆಯ ಹತ್ತಿರ ಎಂದು ಕೂತಿರಿ? ನೀವು ಯಾವಾಗಲೂ ಸಂತೆಯಲ್ಲೇ ಇದ್ದಿರಿ." ಮಾತಿನ ಸಾರ ನಿಜವೋ ಸುಳ್ಳೋ, ಅದಲ್ಲ. ನೀವು ಎಂದಳು. ಹುಟ್ಟಿದಾಗಿನಿಂದ ನನ್ನನ್ನು ಸುಮೆರ್ಸೆ ಎಂದವಳು, ತಹಸೀಲ್ದಾರನನ್ನು ಮಾತಾಡಿಸುವ ಹಾಗೆ, ಬರೀ ನೀವು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಮುಗಿಯುತ್ತಿತ್ತು. ಕಾಫಿಯ ತಟ್ಟೆ ಕೆಳಗಿಟ್ಟೆ. ಅವತ್ತಿನಿಂದ ನಾನೂ ಬಾಯಿ ಬಿಟ್ಟಿಲ್ಲ.

ಅಕ್ಟೋಬರ್ 29, ಬುಧವಾರ

ಪೆನ್ನು ಕಾಗದ ಹರಿಯುತ್ತಿದೆ. ನೋವಿಗಲ್ಲ, ಸಿಟ್ಟಿಗೆ. ಸಿಟ್ಟಿಗೇ ಇರಬೇಕು.

ಜುಸ್ಸಾರಾ ಮಧ್ಯಾಹ್ನ ಬಂದವಳು ಊಟಕ್ಕೆ ಕೂರಲಿಲ್ಲ. ತರಗತಿಯಲ್ಲಿ ಎದ್ದು ನಿಂತು ಪ್ರಾಧ್ಯಾಪಕನಿಗೆ "ಸುಮೆರ್ಸೆ ಹೇಳಿದ್ದು ನನಗೆ ಒಪ್ಪಿಗೆಯಿಲ್ಲ" ಎಂದಳಂತೆ. ಇಡೀ ತರಗತಿ ನಕ್ಕಿತಂತೆ. ಅವನು ಕರಾವಳಿಯವನು, ಕನ್ನಡಕ ತೆಗೆದು, "ಮಗೂ, ಅದು ಬರೀ ಸರ್ವನಾಮ ಅಲ್ಲ, ತಲೆ ಸವರೋ ಕೈ. ನನ್ನ ತಲೆ ಸವರ್ತಾ ಜಗಳ ಆಡ್ತೀಯಲ್ಲ" ಎಂದನಂತೆ.

"ದೋನ್ಯಾ, ನಮ್ಮ ಭಾಷೇಲಿ ಇದೇ ಮಾತು ಇದೆ" ಎಂದಳು. ಅಳುತ್ತಿರಲಿಲ್ಲ, ಅದೇ ಕೆಟ್ಟದಾಗಿ ಕಂಡಿತು. "ಹಿಂದಿನ ಕಾಲದಲ್ಲಿ ನಮ್ಮಲ್ಲೂ 'ತಮ್ಮ ಕರುಣೆ' ಅಂತಿದ್ರು, ನಿಮ್ಮಲ್ಲೂ ಅಂತಿದ್ರು. ನಮ್ಮಲ್ಲಿ ಅದು ಸವೆದು ಸವೆದು 'ವೊಸೆ' ಆಯ್ತು. ಯಾರಿಗೆ ಬೇಕಾದ್ರೂ ವೊಸೆ. ಕಳ್ಳನಿಗೂ ವೊಸೆ. ಇಲ್ಲಿ ಸುಮೆರ್ಸೆ ಅಂದ್ರೂ ಅಷ್ಟೇ ಅಂದ್ಕೊಂಡಿದ್ದೆ. ಬರೀ 'ನೀವು' ಅಂತ. ಅದಲ್ವಾ? ಹಾಗಾದ್ರೆ ಏನು ಅದು?"

ಅವ್ವ ನಮ್ಮನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದದ್ದು ಅದೇ ಮಾತಿನಿಂದ. ನಾವು ಅವ್ವನನ್ನು ಕರೆದದ್ದೂ ಅದರಿಂದಲೇ. ಜ್ವರ ಬಂದ ಮಗುವಿಗೆ ಹೇಳುತ್ತೇವೆ, ಕಟ್ಟಿಕೊಂಡ ಗಂಡನಿಗೆ ಹೇಳುತ್ತೇವೆ, ಕರು ಹಾಕುವ ಹಸುವಿಗೂ ಹೇಳುತ್ತೇವೆ. "ನಮ್ಮೋರಿಗೆ ಹೇಳೋದು" ಎಂದೆ.

ಮುಖ ಮುಚ್ಚಿಕೊಂಡಳು. "ಅಯ್ಯೋ. ಆಚೆಗೆ ಒಯ್ದ ಮಾತೆಲ್ಲಾ ನಾನು ಹಾಗೇ ಹೇಳಿದೀನಿ."

"ಯಾವ ಮಾತು?"

"ಎಲ್ಲಾ. ನಾಯೀದು, ರೇಡಿಯೋದು, ಬನ್ನಿಂದು."

"ನಾಯೀದು ಏನು ಹೇಳಿದೆ? ಸರಿಯಾಗಿ ಹೇಳು!"

"ನಂಗೆ ಆಗ ಪೂರ್ತಿ ಅರ್ಥ ಆಗಿರ್ಲಿಲ್ಲ. 'ಸುಮೆರ್ಸೆ, ಸುಮೆರ್ಸೆಯವರ ನಾಯಿಗೆ ನಮ್ಮ ಪುದೀನ ಇಷ್ಟವಾಗಿದೆ. ಸಾರು ಮಾಡಿ ಕುಡಿಯೋಣ ಎಂದು ಅಕ್ಕ ಹೇಳುತ್ತಾರೆ.'"

ಅದಕ್ಕೇ ಕೂತಳು! ಕಾಲು ನಡುಗಿ ಅಲ್ಲ!

ನಾಲ್ಕು ವರ್ಷದಿಂದ ನಾನು ಕಚ್ಚಿ ಹಿಡಿದಿದ್ದ ಮಾತನ್ನು ಈ ಹುಡುಗಿ ಅಂಗಳದ ತುಂಬ ಕಡಲೆಪುರಿ ಹಂಚಿದ ಹಾಗೆ ಹಂಚಿದ್ದಾಳೆ. ಆಚೆಯವಳು ಏನೆಂದುಕೊಂಡಿರಬೇಕು? ಅಕ್ಕ ಸೋತಳು, ಕೈ ಮುರಿದ ಮೇಲೆ ಮೆತ್ತಗಾದಳು ಎಂದುಕೊಂಡಿರಬೇಕು. "ಈಗಲೇ ಹೋಗಿ ಹೇಳು, ಅದೆಲ್ಲ ನಿನ್ನ ತಪ್ಪು, ನಾನು ಒಂದ್ಸಲಾನೂ ಹಾಗೆ ಅಂದಿಲ್ಲ ಅಂತ" ಎಂದೆ.

ಎದ್ದಳು. ಬಾಗಿಲವರೆಗೆ ಹೋದಳು. ಆಗ ನನಗೇ ಹೊಳೆಯಿತು. "ನಿಲ್ಲು. ಅಲ್ಲಿಂದ ಇಲ್ಲಿಗೆ ತಂದದ್ದು? 'ಸುಮೆರ್ಸೆ ರುಚಿ ನೋಡಿ' ಅಂದದ್ದು? ಅದು ಅವಳು ಅಂದಿದ್ದೋ, ನೀನು ಸೇರಿಸಿದ್ದೋ?"

ಬಾಗಿಲ ಚೌಕಟ್ಟಿಗೆ ಒರಗಿದಳು. "ಗೊತ್ತಿಲ್ಲ ದೋನ್ಯಾ. ನನ್ನ ತಲೇಲಿ ಇದ್ದದ್ದು ಅದೊಂದೇ ಮಾತು. ಅವರು ಏನಂದ್ರೂ ನಂಗೆ ಅದೇ ಕೇಳಿಸ್ತಿತ್ತೋ ಏನೋ."

"ಬಾ, ಊಟ ಮಾಡು" ಎಂದೆ. ತಿದ್ದಲು ಕಳಿಸಲಿಲ್ಲ. ಊಟ ಆರಿಹೋಗಿತ್ತು, ಅದಕ್ಕೆ.

ನವೆಂಬರ್ 2

ಇನ್ನು ಸುದ್ದಿ ಒಯ್ಯುವುದಿಲ್ಲ ಎಂದುಬಿಟ್ಟಳು ಜುಸ್ಸಾರಾ. "ಗೊತ್ತಿಲ್ದೇ ಇದ್ದಾಗ ಸುಲಭ ಇತ್ತು. ಈಗ ಆ ಮಾತು ಹಾಕಿದ್ರೆ ಸುಳ್ಳು, ಬಿಟ್ರೆ ಬೈಗುಳ. ನೀವಿಬ್ರೂ ಒಂದೇ ಅಂಗಳದಲ್ಲಿ ಇದೀರಿ. ನೀವೇ ಮಾತಾಡ್ಕೊಳ್ಳಿ."

"ಏನೇ, ಬಾಯಿ ಬೆಳೀತು!"

"ಸುಮೆರ್ಸೆ ಕಲಿಸಿದ್ದು."

ಇದು ಈಗ ಗೊತ್ತಿದ್ದೇ ಅಂದದ್ದು.

ನವೆಂಬರ್ 14, ಶುಕ್ರವಾರ

ಬನ್ನು ಬಂತು. ಹುಡುಗಿ ತರಲಿಲ್ಲ, ಕಿಟಕಿಯ ಮೇಲೆ ತಟ್ಟೆ ಇತ್ತು, ಮೇಲೆ ಬಟ್ಟೆ. ಚೆನ್ನಾಗಿತ್ತು. ಹೇಗೆ ತಿಳಿಸುವುದು? ತಟ್ಟೆ ತೊಳೆದು ಅವಳ ಕಿಟಕಿಯ ಮೇಲಿಟ್ಟೆ. ಖಾಲಿ ತಟ್ಟೆ ಏನು ಹೇಳೀತು, ಚೆನ್ನಾಗಿತ್ತು ಎಂದೋ, ಮುಗಿಯಿತು ಎಂದೋ.

ನವೆಂಬರ್ 21

ಇವತ್ತು ತಟ್ಟೆ ಇಲ್ಲ.

ನವೆಂಬರ್ 24

ಇಸ್ಮೇನಿಯಾ ತಗಡಿನ ಪೆಟ್ಟಿಗೆಯನ್ನು ಅಂಗಳಕ್ಕೆ ಎಳೆದು ಬಿಸಿಲಿಗೆ ಬಾಯಿ ತೆರೆದಿಟ್ಟಿದ್ದಾಳೆ. ಅವ್ವನ ಪೆಟ್ಟಿಗೆ. ಹುಳ ಹಿಡಿಯದಿರಲೆಂದು ನೀಲಗಿರಿ ಎಲೆ ಹಾಸುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತೆ. ತಲೆ ಎತ್ತಿ ನೋಡಿದಳು, ಏನೋ ಕಾಯುವವಳ ಹಾಗೆ. ನನಗೆ ಅನ್ನಿಸಿದ್ದು ಇದು: ನಾನು ಸುಮೆರ್ಸೆ ಎಂದು ಬಾಯಿ ತೆರೆದು, ಅವಳು ಬರೀ ನೀವು ಎಂದುಬಿಟ್ಟರೆ? ಇನ್ನೊಂದು ಸಲ, ಈ ವಯಸ್ಸಿನಲ್ಲಿ? ಒಳಗೆ ಬಂದು ಬಾಗಿಲು ಹಾಕಿದೆ. ಜೋರಾಗಿ ಬಡಿದುಕೊಂಡಿತು. ಗಾಳಿಗೆ.

ನವೆಂಬರ್ 28

ಜುಸ್ಸಾರಾಳ ಮೌಖಿಕ ಪರೀಕ್ಷೆ. ಬೆಳಿಗ್ಗೆ ಮುಖ ಬೂದಿಯಾಗಿತ್ತು. "ಕರಾವಳಿಯವನು ನಕ್ಕರೆ ನೀನೂ ನಗು. ಜಗಳ ಆಡೋವಾಗ ಬರೀ ನೀವು ಅನ್ನು, ಕಚ್ಚುತ್ತೆ" ಎಂದು ಹೇಳಿ ಕಳಿಸಿದೆ. ಪಾಸಾಗಿದ್ದಾಳೆ. ಮಧ್ಯಾಹ್ನ ಅಂಗಳದಲ್ಲೇ ಕುಣಿದಳು. ಆಚೆಯ ಬಾಗಿಲಲ್ಲಿ ಇಸ್ಮೇನಿಯಾ ಚಪ್ಪಾಳೆ ತಟ್ಟುತ್ತಿದ್ದಳು. ನಾನು ಈಚೆಯ ಬಾಗಿಲಲ್ಲಿ. ನನಗೆ ಚಪ್ಪಾಳೆ ತಟ್ಟಲು ಆಗುವುದಿಲ್ಲ, ತೊಡೆ ಬಡಿದೆ.

ಡಿಸೆಂಬರ್ 7, ಭಾನುವಾರ

ಕನ್ಯಾಮರಿಯಮ್ಮನ ಹಬ್ಬದ ಹಿಂದಿನ ಸಂಜೆ. ಬೀದಿ ತುಂಬ ಮೇಣದಬತ್ತಿ. ನಾನು ನನ್ನ ಕಡೆ ಸಾಲಾಗಿ ಹಚ್ಚಿದೆ, ಇಸ್ಮೇನಿಯಾ ಅವಳ ಕಡೆ. ಜುಸ್ಸಾರಾ ನಡು ಅಂಗಳದಲ್ಲಿ ಎರಡನ್ನೂ ಸೇರಿಸುವ ಹಾಗೆ ಹಚ್ಚುತ್ತ ಹೋದಳು. ನಡುವಿನ ಒಂದು ಆರುತ್ತಲೇ ಇತ್ತು. ಅದನ್ನು ಹಚ್ಚಲು ನಾನು ಬಗ್ಗಿದೆ, ಇಸ್ಮೇನಿಯಾಳೂ ಬಗ್ಗಿದಳು. ಎಷ್ಟು ಹತ್ತಿರವೆಂದರೆ ಅವಳ ಕಂಬಳಿಯ ಹೊಗೆಯ ವಾಸನೆ ಬಂತು.

"ಗಾಳಿ" ಎಂದೆ.

"ಹೌದು" ಎಂದಳು.

ಇದನ್ನು ಮಾತು ಎನ್ನಬಹುದೇ? ಯಾರನ್ನು ಕೇಳಲಿ?

ನಾಡಿದ್ದು ಹುಡುಗಿ ಹೋಗುತ್ತಾಳೆ. ಅದರ ಮರುದಿನ ಯೆನ್ನಿಯ ವ್ಯಾನು ಬರುತ್ತದೆ.

ಡಿಸೆಂಬರ್ 9, ಮಂಗಳವಾರ

ಬಸ್ ನಿಲ್ದಾಣಕ್ಕೆ ನಾನೂ ಹೋದೆ. ಕಂಬಳಿ ಹಿಂದಿರುಗಿಸಲು ಬಂದಳು, ಇಟ್ಟುಕೋ ಎಂದೆ. ಬೆಲೆಂನ ಸೆಖೆಯಲ್ಲಿ ಏನು ಮಾಡಲಿ ಎಂದಳು. "ಬಾಗಿಲಲ್ಲಿ ಹಾಸು. ನಿಮ್ಮಮ್ಮ ಅದರ ಮೇಲೆ ಕೂರ್ಲಿ" ಎಂದೆ. ಬೊಗೊಟಾ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಕಾಲು ಮೆಟ್ಟಿಲ ಮೇಲಿಟ್ಟವಳು ತಿರುಗಿದಳು.

"ದೋನ್ಯಾ, ಒಂದು ವಿಷ್ಯ. ಮೊದಲ್ನೇ ದಿನ ಸುಮೆರ್ಸೆ ಏನೋ ಕೇಳಿದ್ರಿ, ನಂಗೆ ಅರ್ಥ ಆಗಿರ್ಲಿಲ್ಲ. ಎಲ್ಲಿ ಕಲಿತೆ ಆ ಮಾತು ಅಂತ ತಾನೆ ಕೇಳಿದ್ದು?"

"ಇರಬಹುದು. ಈಗೇನು?"

"ನಿನ್ನೆ ಆ ಬಟ್ಟಲು ತೊಳೀತಾ ನೆನಪಾಯ್ತು. ಗೇಟಲ್ಲಿ ದೋನ್ಯಾ ಇಸ್ಮೇನಿಯಾ ಸಾರಿನ ಬಟ್ಟಲು ಕೊಟ್ರು, ನಿಮ್ಮ ಬಾಗಿಲು ತೋರಿಸಿದ್ರು. ಏನು ಹೇಳ್ಬೇಕು ಅಂತಾನೂ ಹೇಳ್ಕೊಟ್ರು. ನಂಗೆ ಬರ್ಲಿಲ್ಲ, ಮತ್ತೆ ಹೇಳ್ಸಿದ್ರು. ಸರಿಯಾಗಿ ಬರೋವರ್ಗೂ ಬಿಡ್ಲಿಲ್ಲ. 'ಸುಮೆರ್ಸೆ, ಆರೋಕೆ ಮುಂಚೆ ಕುಡೀರಿ.' ಈ ದೇಶದಲ್ಲಿ ನಾನು ಕಲ್ತ ಮೊದಲ್ನೇ ಮಾತು ಅದೇ."

ಕಂಡಕ್ಟರ್ "ಹತ್ತಮ್ಮಾ ಹತ್ತು, ಅಜ್ಜಿಗೆ ಫೋನ್ ಮಾಡುವಂತೆ" ಎಂದು ಕೂಗಿದ. ಬಸ್ಸು ಹೋಯಿತು. ನಾನು ಕೈ ಬೀಸಿದೆನೋ ಇಲ್ಲವೋ ನೆನಪಿಲ್ಲ.

ನಡೆದೇ ಮನೆಗೆ ಬಂದೆ. ಏರು ಹತ್ತುವಾಗ ಜಡೆ ಬಿಚ್ಚಿಹೋಗಿತ್ತು, ಅವಳು ಹಾಕಿದ ಕೊನೆಯದು, ಎಂದಿನಂತೆ ಸಡಿಲ. ಗೇಟು ತಳ್ಳಿದರೆ ಅಂಗಳದಲ್ಲಿ ಪೆಟ್ಟಿಗೆ, ಬಾಯಿ ಮುಚ್ಚಿ ಹಗ್ಗ ಕಟ್ಟಿದೆ. ಅದರ ಮೇಲೆ ಇಸ್ಮೇನಿಯಾ ಕೂತಿದ್ದಳು, ಕಾಲ ಬಳಿ ಕನೇಲೊ.

ಒಳಗೆ ಹೋಗಿ ಬಾಚಣಿಗೆ ತಂದೆ. ಅವಳ ಮುಂದೆ ನಿಂತೆ. ದಾರಿಯುದ್ದಕ್ಕೂ ಎಷ್ಟೋ ಒಳ್ಳೆಯ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ.

"ಆಗಸ್ಟಿನಲ್ಲಿ ಸುಮೆರ್ಸೆ ಕಳಿಸಿದ ಸಾರು" ಎಂದೆ. ಬಾಚಣಿಗೆ ಮುಂದೆ ಚಾಚಿದೆ. "ಅದಕ್ಕೆ ಉಪ್ಪು ಕಡಿಮೆ ಆಗಿತ್ತು."

ಇಸ್ಮೇನಿಯಾ ನನ್ನನ್ನೇ ನೋಡಿದಳು. ನಾಯಿಯೂ ನೋಡಿತು.

"ಡಿಸೆಂಬರಿಗೆ ಹೇಳ್ತಿದೀರಲ್ಲ ಸುಮೆರ್ಸೆ" ಎಂದಳು. "ಆವತ್ತೇ ಹೇಳಿದ್ರೆ ಇನ್ನೊಂದು ಚಿಟಿಕೆ ಹಾಕ್ತಿದ್ದೆ."

ಆಮೇಲೆ ಬಾಚಣಿಗೆ ಕಿತ್ತುಕೊಂಡಳು. "ಕೂತ್ಕೊಳ್ಳಿ. ಏನಿದು ಕೂದಲು, ಹಕ್ಕಿಗೂಡಾ?" ಪೆಟ್ಟಿಗೆಯ ಮೇಲೆ ನಾನು ಕೂತೆ, ಅವಳು ಹಿಂದೆ ನಿಂತಳು. ಅವಳು ತೆಗೆದ ಬೈತಲೆ ಸೊಟ್ಟಗಾಯಿತು.

ಡಿಸೆಂಬರ್ 10

ಯೆನ್ನಿಯ ವ್ಯಾನು ಬಂತು. ಇಸ್ಮೇನಿಯಾ ಡ್ರೈವರನಿಗೆ ಬಿಸಿ ಬನ್ನು, ಬೆಲ್ಲದ ನೀರು ಕೊಟ್ಟಳು. ಹಬ್ಬ ಮುಗಿಯಲಿ, ನೋಡೋಣ ಎಂದು ಹೇಳಿ ಕಳಿಸಿದಳು. ಎಂಥ ಹಬ್ಬ, ಯಾವಾಗ ಮುಗಿಯುತ್ತದೆ, ನಾನು ಕೇಳಲಿಲ್ಲ. ಪೆಟ್ಟಿಗೆಯನ್ನು ಒಳಗೆ ಸಾಗಿಸಿದೆವು, ಒಂದು ಕಡೆ ಅವಳು, ಇನ್ನೊಂದು ಕಡೆ ನನ್ನ ಎಡಗೈ. ಯಾವ ಕಡೆಯ ಮನೆಗೆ ಎಂದು ಹೊಸ್ತಿಲಲ್ಲಿ ಸ್ವಲ್ಪ ಜಗಳವಾಯಿತು.

ಇವತ್ತೂ ಜಡೆ ಅವಳೇ ಹಾಕಿದಳು. ಚಿಕ್ಕಂದಿನ ಹಾಗೇ, ಕಣ್ಣು ಮೇಲಕ್ಕೆ ಹೋಗುವಷ್ಟು ಬಿಗಿ. ತಲೆ ನೋಯುತ್ತಿದೆ.

ನಾಳೆಯೂ ಅವಳ ಕೈಗೇ ಬಾಚಣಿಗೆ ಕೊಡುತ್ತೇನೆ.